ಗುತ್ತಿನ ಕಂಬಗಳ ಸರ್ವಜನ ಮಂದಿರ

ಓವರ್ಸಿಯರ್ ಗುರುವಪ್ಪ ಯಾವ ಕಟ್ಟಡಕ್ಕೆ ಹೋದರೂ ಮೊದಲು ಒಂದು ಕಂಬವನ್ನು ಆರಿಸಿ ಅದಕ್ಕೆ ಬೆನ್ನು ಕೊಟ್ಟು ನಿಲ್ಲುತ್ತಿದ್ದ. ಶಾಲೆಯಿರಲಿ, ಪೋಸ್ಟಾಫೀಸಿರಲಿ, ಬಂಟ್ವಾಳ ಪೇಟೆಯ ಜವಳಿ ಅಂಗಡಿಯಿರಲಿ, ಕಂಬ ಕಂಡರೆ ಅವನ ಬೆನ್ನು ತಾನಾಗಿ ಆ ಕಡೆ ತಿರುಗುತ್ತಿತ್ತು. ಯಾರಾದರೂ ಕೇಳಿದರೆ, "ಭಾರ ತಡೆಯುವ ಶಕ್ತಿ ಉಂಟಾ ಅಂತ ನೋಡುವುದು" ಎಂದು ಗಂಭೀರವಾಗಿ ಹೇಳುತ್ತಿದ್ದ. ಅವನ ಮೈಭಾರಕ್ಕೆ ಬಸಳೆಯ ಚಪ್ಪರವೂ ಅಲುಗುವಂತಿರಲಿಲ್ಲ. ಆದರೆ ಸರಕಾರದ ಓವರ್ಸಿಯರ್ ಹೇಳಿದ ಮಾತನ್ನು ತೂಕ ಮಾಡಿ ನೋಡುವವರು ಯಾರು?

ಹೆಂಡತಿ ನೀಲಾವತಿ ಮಾತ್ರ ನೋಡುತ್ತಿದ್ದಳು. "ಮದುವೆಯ ದಿನವೂ ಇವರಿಗೆ ಚಪ್ಪರದ ಕಂಬವೇ ಮೊದಲು ಕಂಡದ್ದು. ಪಕ್ಕದಲ್ಲಿ ನಾನು ನಿಂತದ್ದು ಆಮೇಲೆ ಗೊತ್ತಾದದ್ದು" ಎಂದು ನೆರೆಮನೆಯವರಲ್ಲಿ ಹೇಳಿ ನಗುತ್ತಿದ್ದಳು.

ಈ ಚಾಳಿಗೆ ಒಂದು ಮೂಲವಿತ್ತು. ಗುರುವಪ್ಪ ಹುಟ್ಟಿದ್ದು ಬೆಳ್ತಂಗಡಿಯಿಂದ ಮೇಲೆ, ಗುಡ್ಡದ ಬುಡದ ಒಂದು ಊರಿನಲ್ಲಿ. ಅಪ್ಪ ರುಕ್ಮಯ್ಯ ಪಾದೆಗುತ್ತು ಎಂಬ ಜಮೀನುದಾರ ಮನೆತನದ ಶೆಟ್ಟರ ಗದ್ದೆಗೆ ಒಕ್ಕಲು. ವರ್ಷಕ್ಕೊಮ್ಮೆ ಗೇಣಿಯ ಅಕ್ಕಿಮುಡಿ ಹೊತ್ತು ಗುತ್ತಿನ ಮನೆಗೆ ಹೋಗುವಾಗ ಹೆಂಡತಿ ಪೂವಮ್ಮ ಮತ್ತು ಮಗನೂ ಹಿಂದೆ ಇರುತ್ತಿದ್ದರು. ಆ ಮನೆಯಲ್ಲಿ ಯಾರು ಎಲ್ಲಿ ನಿಲ್ಲಬೇಕೆಂದು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಕೆಲವರಿಗೆ ಅಂಗಳದ ತುದಿ, ಕೆಲವರಿಗೆ ಮೆಟ್ಟಿಲ ಬುಡ, ಕೆಲವರಿಗೆ ಜಗಲಿಯ ಅಂಚು, ಹುಟ್ಟಿನಲ್ಲಿ ಮೇಲಾದವರಿಗೆ ಮೇಲಿನ ಚಾವಡಿ. ಬಂದವರ ಕಾಲು ತಾನಾಗಿ ತನ್ನ ಜಾಗದಲ್ಲಿ ನಿಲ್ಲುತ್ತಿತ್ತು. ಒಮ್ಮೆ ಅಕ್ಕಿ ಅಳೆದು ಮುಗಿಯುವುದು ತಡವಾಯಿತು. ಹುಡುಗ ಗುರುವಪ್ಪನ ಕಾಲು ಸೋತಿತು. ಮೆಟ್ಟಿಲ ಪಕ್ಕದ ಹಲಸಿನ ಮರದ ದಪ್ಪ ಕಂಬಕ್ಕೆ, ಎಣ್ಣೆ ತಿಕ್ಕಿ ತಿಕ್ಕಿ ಕನ್ನಡಿಯಂತಾಗಿದ್ದ ಆ ಕಂಬಕ್ಕೆ, ಬೆನ್ನು ತಾಗಿಸಿ ಕೂತ.

"ಯಾರದು ಕಂಬಕ್ಕೆ ಒರಗಿದ್ದು? ಏಳು ಅಲ್ಲಿಂದ."

ಚಾವಡಿಯಿಂದ ಬಂದ ಆ ಮಾತು ಆಗಿನ ಯಜಮಾನರದ್ದು. ರುಕ್ಮಯ್ಯ ಮಗನ ಕೆನ್ನೆಗೆ ಒಂದು ಬಾರಿಸಿದ. ಪೂವಮ್ಮ ಸೆರಗಿನಿಂದ ಕಂಬ ಒರೆಸಿದಳು. ಮಗನ ಮುಖ ಒರೆಸಿದ್ದು ಮನೆಗೆ ಬಂದ ಮೇಲೆ.

ಮುಂದೆ ಗುರುವಪ್ಪ ಹೇಗೋ ಓದಿದ. ಮದ್ರಾಸಿಗೆ ಹೋಗಿ ಓವರ್ಸಿಯರ್ ಪರೀಕ್ಷೆ ಪಾಸು ಮಾಡಿದ. ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿದ ಕಾಲಕ್ಕೆ ಬಂಟ್ವಾಳದಲ್ಲಿ ಕೆಲಸದಲ್ಲಿದ್ದ, ನರಿಕೊಂಬಿನಲ್ಲಿ ಹೊಳೆಯ ಹತ್ತಿರ ಬಾಡಿಗೆ ಮನೆ ಮಾಡಿದ್ದ, ತೊಡೆ ಮುಚ್ಚುವ ಖಾಕಿ ಚಡ್ಡಿ ಹಾಕುತ್ತಿದ್ದ. ಆಗ ಪುಸ್ತಕ, ಪತ್ರಿಕೆ, ಭಾಷಣ ಎಲ್ಲದರಲ್ಲಿಯೂ ಒಂದೇ ಮಾತು: ಜನ ಒಂದಾಗಬೇಕು. ಒಂದಾಗಲು ಒಂದು ಕಟ್ಟಡ ಬೇಕೆಂದು ಪಕ್ಕದ ಮೆಲ್ಕಾರಿನ ದೊಡ್ಡವರಿಗೆ ಹೊಳೆಯಿತು. ಕಟ್ಟಡವಿಲ್ಲದೆ ಒಂದಾಗುವುದು ಅವರಿಗೆ ಯೋಗ್ಯವೆನಿಸಲಿಲ್ಲ. ಕೂಡಲೇ ಸಮಿತಿಯಾಯಿತು. ಹೆಸರು 'ಸರ್ವಜನ ಮಂದಿರ' ಎಂದಾಯಿತು. ಅಧ್ಯಕ್ಷರು ಯಾರೆಂದು ಚರ್ಚೆಯೇ ಆಗಲಿಲ್ಲ. ಆಸ್ತಿ ಪಾಲಾದ ಪಾದೆಗುತ್ತನ್ನು ಬಿಟ್ಟು ಗುಡ್ಡ ಇಳಿದು ಬಂದು, ಮೆಲ್ಕಾರಿನಲ್ಲಿ ಅಕ್ಕಿ ಮಿಲ್ಲು ಹಾಕಿ, ಎರಡು ಬಸ್ಸು ಓಡಿಸುತ್ತಿದ್ದ ಮುಂಡಪ್ಪ ಶೆಟ್ಟರು ಇದ್ದರಲ್ಲ. ಅಂದು ಚಾವಡಿಯಿಂದ ಗದರಿದ ಯಜಮಾನರ ಸೋದರಳಿಯ. ಮಾವನ ಹಾಗಲ್ಲ, ಮಾತು ಮೃದು, ಭುಜದ ಮೇಲೆ ಕೈಯಿಟ್ಟು ಮಾತಾಡುವ ಜನ.

ನಕ್ಷೆಯ ಕೆಲಸ ಗುರುವಪ್ಪನ ಪಾಲಿಗೆ ಬಂತು. ಅವನಿಗೆ ಅದು ನಕ್ಷೆಗಿಂತ ದೊಡ್ಡ ವಿಷಯ. ಅಪ್ಪ ತೀರಿಹೋಗಿದ್ದ, ಅಮ್ಮ ಇನ್ನೂ ಗುಡ್ಡದ ಊರಿನಲ್ಲೇ ಇದ್ದಳು. ಮುಂದಿನ ಶನಿವಾರ ಬಸ್ಸು ಹಿಡಿದು ಹೋಗಿ ಅವಳ ಮುಂದೆ ಕೂತ.

"ಅಮ್ಮ, ಮೆಲ್ಕಾರಿನಲ್ಲಿ ನಾನೊಂದು ಮಂದಿರ ಕಟ್ಟಿಸ್ತೇನೆ. ಎಲ್ಲರಿಗೂ ಒಂದೇ ಬಾಗಿಲು. ಮೇಲೆ ಕೆಳಗೆ ಇಲ್ಲ. ಉದ್ಘಾಟನೆಯ ದಿನ ಮುಂದಿನ ಸಾಲಿನ ಕುರ್ಚಿಯಲ್ಲಿ ನಿನ್ನನ್ನು ಕೂರಿಸ್ತೇನೆ."

ಪೂವಮ್ಮ ಅಡಕೆ ಕತ್ತರಿಸುತ್ತಿದ್ದಳು. "ಕುರ್ಚಿಯಲ್ಲಿ ಕೂತರೆ ಕಾಲು ನೇತಾಡ್ತದೆ ಮಗ."

"ನೇತಾಡಲಿ. ನೀನು ಕೂರಬೇಕು."

"ಶೆಟ್ರು ಬರ್ತಾರಾ?"

"ಅವರೇ ಅಧ್ಯಕ್ಷರು."

"ಹಾಗಾದ್ರೆ ನೋಡುವ" ಎಂದಳು ಪೂವಮ್ಮ. ಮಗ ಅದನ್ನು ಒಪ್ಪಿಗೆ ಎಂದು ತಿಳಿದ.

ಸಮಿತಿಯ ಸಭೆಗಳಲ್ಲಿ ಗುರುವಪ್ಪ ಹುಲಿಯಂತೆ ಹೋರಾಡಿದ. ಹೆಂಗಸರಿಗೆ ಹಿಂದಿನಿಂದ ಬೇರೆ ಬಾಗಿಲು ಇರಲಿ ಎಂದರು ಒಬ್ಬರು. ಗುರುವಪ್ಪ ಬೇಡ ಎಂದ. ಗಣ್ಯರ ಕುರ್ಚಿಗಳ ಸುತ್ತ ಹಗ್ಗ ಕಟ್ಟುವ ಗೂಟ ಇರಲಿ ಎಂದರು ಇನ್ನೊಬ್ಬರು, ಅದೂ ಬೇಡ. ಗಣ್ಯರಿಗೆ ಬೆತ್ತದ ಕುರ್ಚಿ, ಉಳಿದವರಿಗೆ ಬೆಂಚು ಎಂಬ ಸಲಹೆ ಬಂತು. ಗುರುವಪ್ಪ ಎದ್ದು ನಿಂತು ಮದ್ರಾಸಿನಲ್ಲಿ ಕಲಿತ ಇಂಗ್ಲಿಷಿನಲ್ಲಿ ಮಾತಾಡಿದ. ಅರ್ಥವಾಗದ ಕಾರಣ ಎಲ್ಲರೂ ಒಪ್ಪಿದರು. ಒಂದೇ ಬಾಗಿಲು, ಒಂದೇ ನಮೂನೆಯ ಮಡಚುವ ಕುರ್ಚಿ, ಸಮತಟ್ಟಾದ ಒಂದೇ ನೆಲ ಎಂದು ನಿರ್ಣಯವಾಯಿತು. ಅಂದು ಮನೆಗೆ ಬಂದು ಎರಡು ಹೊತ್ತಿನ ಗಂಜಿ ಒಂದೇ ಹೊತ್ತಿಗೆ ಉಂಡ.

ಶ್ರಮದಾನವೂ ನಡೆಯಿತು. ಹೊಸ ಬುಟ್ಟಿಗಳು ಬಂದವು. ದೊಡ್ಡವರೆಲ್ಲ ಫೋಟೋದವನು ಸಿದ್ಧನಾಗುವವರೆಗೆ ಬುಟ್ಟಿ ಹಿಡಿದು ನಿಂತರು. ಅವನು ಚಿತ್ರ ತೆಗೆದ ಮೇಲೆ ಮಣ್ಣನ್ನು ಅಲ್ಲೇ ಸುರಿದು ಕೈ ತೊಳೆದರು. ಆ ಮಣ್ಣನ್ನು ಮರುದಿನ ಗಾಡಿಯ ನೋಣಯ್ಯ ಕೂಲಿಗೆ ಹೊತ್ತು ಹಾಕಿದ. ಅವನ ಫೋಟೋ ಯಾರೂ ತೆಗೆಯಲಿಲ್ಲ.

ಅಷ್ಟರವರೆಗೆ ಎಲ್ಲವೂ ಸರಿಯಿತ್ತು. ಒಂದು ಸಂಜೆ ಮುಂಡಪ್ಪ ಶೆಟ್ಟರು ಗುರುವಪ್ಪನ ಭುಜದ ಮೇಲೆ ಕೈಯಿಟ್ಟರು.

"ಗುರುವಪ್ಪ, ಸಿಮೆಂಟಿಗೆ ಪರ್ಮಿಟ್ ಸಿಗುವುದಿಲ್ಲ ಅಂತೀಯಲ್ಲ. ನಮ್ಮ ಹಳೆ ಚಾವಡಿ ಬಿಚ್ಚಿದ್ದೇವೆ. ಕಂಬಗಳು ಮಿಲ್ಲಿನ ಶೆಡ್ಡಿನಲ್ಲಿ ಸುಮ್ಮನೆ ಬಿದ್ದುಂಟು. ಮಂದಿರಕ್ಕೆ ಕೊಡ್ತೇನೆ. ನೋಡು ಒಮ್ಮೆ."

ಗುರುವಪ್ಪ ನೋಡಲು ಹೋದ. ಶೆಡ್ಡಿನ ಅರೆಗತ್ತಲಲ್ಲಿ ಕಂಬಗಳು ಸಾಲಾಗಿ ಮಲಗಿದ್ದವು. ಬುಡದಲ್ಲಿ ಕಮಲ, ತಲೆಯಲ್ಲಿ ಗಿಳಿ. ಯಾವುದು ಮೆಟ್ಟಿಲ ಪಕ್ಕದ್ದೆಂದು ಅವನಿಗೆ ಕಂಡೊಡನೆ ಗೊತ್ತಾಯಿತು. ಸುತ್ತ ಯಾರೂ ಇಲ್ಲವೆಂದು ನೋಡಿ, ಆ ಕಂಬದ ಪಕ್ಕ ಕೂತು ಬೆನ್ನು ತಾಗಿಸಿದ. ಯಾರೂ ಗದರಲಿಲ್ಲ. ಮಿಲ್ಲಿನ ಯಂತ್ರ ಡಬ ಡಬ ಎನ್ನುತ್ತಿತ್ತು. ಗುರುವಪ್ಪನ ಕಣ್ಣಿನಲ್ಲಿ ನೀರು ಬಂತು. ಭತ್ತದ ಧೂಳು ಎಂದು ಹೇಳಿಕೊಂಡ.

ಅಂದಿನಿಂದ ನಕ್ಷೆ ಬದಲಾಗತೊಡಗಿತು. ಅಂಥ ಕಂಬಗಳನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿದರೆ ಭಿಕ್ಷೆಗೆ ನಿಂತಂತೆ ಕಾಣುತ್ತದೆ. ಆದ್ದರಿಂದ ಎತ್ತರದ ಜಗಲಿ ಬೇಕಾಯಿತು. ಜಗಲಿಗೆ ಮೆಟ್ಟಿಲು ಬೇಕಾಯಿತು. ಮೆಟ್ಟಿಲಿಗೆ ಎದುರು ವಿಶಾಲ ಅಂಗಳ ಬೇಕಾಯಿತು. ಜಗಲಿಯ ಒಳಗೆ ಇನ್ನೊಂದು ಮೆಟ್ಟಿಲು ಏರಿಸಿ ಸಭಾಂಗಣ ಮಾಡಿದ. ಪ್ರತಿ ಸಲವೂ ಒಂದೊಂದೇ ಗೆರೆ ಎಳೆದದ್ದು. ಒಂದು ಗೆರೆಯೂ ತಪ್ಪಿರಲಿಲ್ಲ. "ಇದು ನಮ್ಮ ನಾಡಿನ ಶೈಲಿ" ಎಂದು ಸಮಿತಿಗೆ ವಿವರಿಸಿದ. ಸಮಿತಿಯವರು ನಕ್ಷೆ ನೋಡಿ ತಲೆದೂಗಿದರು. ಅವರಿಗೆ ಮೊದಲ ಬಾರಿ ಆ ನಕ್ಷೆ ಪೂರ್ತಿ ಅರ್ಥವಾಗಿತ್ತು.

ಮಂದಿರ ಎದ್ದಿತು. ರಸ್ತೆಯ ಆಚೆ ಬದಿಯಲ್ಲಿ ಮಮ್ಮು ಬ್ಯಾರಿಯ ಚಹದ ಗೂಡು. ಒಂದು ದಿನ ಗುರುವಪ್ಪ ಚಹ ಕುಡಿಯಲು ಬಂದಾಗ ಮಮ್ಮು ಕೇಳಿದ:

"ಓವರ್ಸಿಯರ್ರೇ, ಇದು ಯಾರ ಮನೆ?"

"ಮನೆ ಅಲ್ಲ ಮಾರಾಯ, ಮಂದಿರ. ಸರ್ವಜನರದ್ದು."

"ಹಾಗೋ. ನಿನ್ನೆ ಚಹ ಕೊಡ್ಲಿಕ್ಕೆ ಅಂತ ಅಲ್ಲಿಗೆ ಹೋದವ, ಗುತ್ತಿನ ಮನೆ ಅಂತ ಗ್ರಹಿಸಿ ಅಂಗಳದಲ್ಲೇ ಚಪ್ಪಲಿ ತೆಗ್ದೆ. ಆಮೇಲೆ ನೋಡಿದ್ರೆ ನಿಮ್ಮ ಬಡಗಿಯೂ ತೆಗ್ದಿದ್ದಾನೆ."

"ಗೌರವ ಇರಬೇಕಲ್ಲ ಕಟ್ಟಡಕ್ಕೆ" ಎಂದ ಗುರುವಪ್ಪ. ಮಮ್ಮು ಗ್ಲಾಸು ತೊಳೆಯುವುದರಲ್ಲಿ ಮುಳುಗಿದ. ಅವನ ಭುಜ ಮಾತ್ರ ಅಲುಗುತ್ತಿತ್ತು.

ಉದ್ಘಾಟನೆ ಒಂದು ಭಾನುವಾರ ಮಧ್ಯಾಹ್ನ. ಶೆಟ್ಟರು ತಮ್ಮ ಬಸ್ಸುಗಳನ್ನು ಹಳ್ಳಿಗಳಿಗೆ ಕಳಿಸಿದ್ದರು; ಗುಡ್ಡದ ಊರಿನಿಂದಲೂ ಜನ ಇಳಿದರು. ಸಭಾಂಗಣದಲ್ಲಿ ಕುರ್ಚಿಗಳು ಸಾಲಾಗಿ ಕಾಯುತ್ತಿದ್ದವು. ಗುರುವಪ್ಪ ಬಾಗಿಲಲ್ಲಿ ನಿಂತು ಎಲ್ಲರನ್ನೂ ಒಳಗೆ ಕರೆಯಬೇಕೆಂದಿದ್ದ. ಕರೆಯುವ ಮೊದಲೇ ಜನ ತಮ್ಮ ತಮ್ಮ ಜಾಗ ಸೇರಿ ಆಗಿತ್ತು.

ಕೂಲಿಯವರು ಅಂಗಳದ ತುದಿಯ ತೆಂಗಿನ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದರು. ಒಕ್ಕಲುಗಳು ಮೆಟ್ಟಿಲ ಬುಡದಲ್ಲಿ, ಹೆಗಲ ಮೇಲಿನ ಬೈರಾಸು ಬಟ್ಟೆಯನ್ನು ಇಳಿಸಿ ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದರು. ಬ್ಯಾರಿಗಳು ವ್ಯಾಪಾರಕ್ಕೆ ಬಂದವರಂತೆ ಅಂಗಳದ ಬಲಬದಿಯಲ್ಲಿ. ಅಂಗಡಿಯವರು, ಮೇಷ್ಟ್ರುಗಳು ಜಗಲಿಯ ಅಂಚಿನಲ್ಲಿ. ಪಂಚಾಂಗ ನೋಡಿ ಮುಹೂರ್ತ ಕೊಟ್ಟ ಭಟ್ಟರು ಯಾರನ್ನೂ ಕೇಳದೆ ಮೇಲೇರಿ, ಕುರ್ಚಿ ಬದಿಗೆ ಸರಿಸಿ ಮಣೆ ಹಾಕಿಸಿಕೊಂಡಿದ್ದರು. ಹಗ್ಗ ಕಟ್ಟುವ ಗೂಟ ಬೇಕೆಂದಿದ್ದ ಸದಸ್ಯರು ಈ ವ್ಯವಸ್ಥೆಯನ್ನು ಕಂಡು ಗುರುವಪ್ಪನ ಕೈ ಕುಲುಕಿದರು. "ಹಗ್ಗದ ಖರ್ಚು ಉಳಿಯಿತು ನೋಡಿ" ಎಂದರು. ಮೆಚ್ಚುಗೆಯಿಂದಲೇ ಹೇಳಿದ್ದು.

ಗುರುವಪ್ಪ ಮೆಟ್ಟಿಲಿಳಿದು ಅಂಗಳಕ್ಕೆ ಓಡಿದ. "ಒಳಗೆ ಬನ್ನಿ, ಎಲ್ಲರೂ ಒಳಗೆ ಬನ್ನಿ. ಕುರ್ಚಿ ಉಂಟು."

ಗಾಡಿಯ ನೋಣಯ್ಯ ಎದ್ದು ಕೈ ಮುಗಿದ. "ಇಲ್ಲಿ ಒಳ್ಳೆ ಗಾಳಿ ಉಂಟು ಧಣಿ. ಇಲ್ಲೇ ಸಾಕು."

ಗುರುವಪ್ಪನನ್ನು ಹುಟ್ಟಿದಂದಿನಿಂದ ಯಾರೂ ಧಣಿ ಎಂದಿರಲಿಲ್ಲ. ಆ ಮಾತಿಗೆ ಅವನು ಸಿಟ್ಟಾಗಬೇಕಿತ್ತು. ಸಿಟ್ಟು ಬಂತು ಕೂಡ, ಸ್ವಲ್ಪ ತಡವಾಗಿ. ಅಷ್ಟರೊಳಗೆ ಮುಖದಲ್ಲಿ ಒಂದು ನಗು ಬಂದು ಹೋಗಿತ್ತು.

ಆಮೇಲೆ ಅಮ್ಮನನ್ನು ಕಂಡ. ಪೂವಮ್ಮ ಹೊಸ ಸೀರೆ ಉಟ್ಟು ಬಂದಿದ್ದಳು. ಮೆಟ್ಟಿಲ ಪಕ್ಕದ ಆ ಕಂಬದಿಂದ ಒಂದು ಮೊಳ ದೂರದಲ್ಲಿ, ಗೇಣಿ ಕೊಡಲು ಹೋದಾಗ ನಿಲ್ಲುತ್ತಿದ್ದಂತೆಯೇ ನಿಂತಿದ್ದಳು.

"ಅಮ್ಮ, ನಡಿ. ಮುಂದಿನ ಸಾಲು ಖಾಲಿ ಉಂಟು."

"ನೀನು ಹೋಗು ಮಗ. ನಿನಗೆ ಕೆಲಸ ಉಂಟು. ನಾನು ಇಲ್ಲಿ ನಿಲ್ತೇನೆ."

"ಇದು ಗುತ್ತಿನ ಮನೆ ಅಲ್ಲ ಅಮ್ಮ."

ಪೂವಮ್ಮ ಕಂಬವನ್ನು ಬುಡದ ಕಮಲದಿಂದ ಮೇಲಿನ ಗಿಳಿಯವರೆಗೆ ನೋಡಿದಳು. "ಇದಕ್ಕೆ ಅದು ಗೊತ್ತುಂಟಾ?" ಎಂದು ಕೇಳಿದಳು.

ಮಾತು ಮೇಲಿದ್ದ ಮುಂಡಪ್ಪ ಶೆಟ್ಟರ ಕಿವಿಗೆ ಬಿತ್ತು. ಅವರು ದೊಡ್ಡ ಮನಸ್ಸಿನಿಂದ ಕೈ ಬೀಸಿದರು. "ಯಾರು, ಪೂವಮ್ಮನಾ? ಬಾ ಬಾ, ಮೇಲೆ ಬಾ. ಸಂಕೋಚ ಬೇಡ." ಶೆಟ್ಟರು ಕರೆದೊಡನೆ ಪೂವಮ್ಮ ಬಗ್ಗಿ ಕೈ ಮುಗಿದು ಇನ್ನೆರಡು ಹೆಜ್ಜೆ ಹಿಂದೆ ಸರಿದಳು.

ಸಭೆ ಶುರುವಾಯಿತು. ವೇದಿಕೆಯಲ್ಲಿ ಗುರುವಪ್ಪನಿಗೂ ಒಂದು ಕುರ್ಚಿ ಇಟ್ಟಿದ್ದರು, ಅಧ್ಯಕ್ಷರ ಎಡಬದಿಗೆ. ಹೆಸರು ಕರೆದರು. ಗುರುವಪ್ಪ ಮೇಲೆ ಹೋದ. ಕುರ್ಚಿಯ ಬೆನ್ನು ಹಿಡಿದ. ಪಕ್ಕದಲ್ಲಿ ಶೆಟ್ಟರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. "ಕೂತ್ಕೊ ಗುರುವಪ್ಪ" ಎಂದರು. "ಕೂರ್ತೇನೆ ಧಣಿ, ಮೊದಲು ಲೈಟಿನದ್ದು ನೋಡ್ತೇನೆ" ಎಂದ ಗುರುವಪ್ಪ. ಹಾಡುಹಗಲು, ಮಂದಿರಕ್ಕೆ ವಿದ್ಯುತ್ತೂ ಬಂದಿರಲಿಲ್ಲ. ಭಾಷಣಗಳು ಮುಗಿಯುವವರೆಗೆ ಅವನು ನಕ್ಷೆಯ ಸುರುಳಿಯನ್ನು ಎದೆಗವಚಿ ಜಗಲಿಯ ಅಂಚಿನಲ್ಲಿ ನಿಂತೇ ಇದ್ದ. ಮಂಗಳೂರಿನಿಂದ ಬಂದ ಅತಿಥಿಗಳು ಹೊರಗಿನ ಜನಸಾಗರವನ್ನು ನೋಡಿ, "ಮೇಲು ಕೀಳೆಂಬ ಭೇದವಿಲ್ಲದೆ ಎಲ್ಲರೂ ಒಂದೇ ಕಡೆ ಸೇರಿದ ಈ ದೃಶ್ಯ ನನ್ನ ಕಣ್ಣು ತುಂಬಿದೆ" ಎಂದರು. ಅವರ ಎದುರು ಖಾಲಿ ಕುರ್ಚಿಗಳು ಅದನ್ನು ಶಾಂತವಾಗಿ ಕೇಳಿದವು.

ಸಂಜೆ ಬಸ್ಸು ಹತ್ತುವಾಗ ಪೂವಮ್ಮ, "ಒಳ್ಳೆದಾಗಿದೆ ಮಗ. ಥೇಟು ಅದೇ" ಎಂದಳು.

ಇಷ್ಟಾದ ಮೇಲೆ ಬೇರೆ ಯಾರಾದರೂ ಆ ಕಂಬಗಳನ್ನು ಬಿಚ್ಚಿಸುತ್ತಿದ್ದರೋ ಏನೋ. ಗುರುವಪ್ಪ ಅವುಗಳಿಗೆ ಎಣ್ಣೆ ಹಚ್ಚಿಸಿದ. ಜನರಿಗೆ ಇನ್ನೂ ತಿಳುವಳಿಕೆ ಬಂದಿಲ್ಲ, ಕಟ್ಟಡದ್ದೇನು ತಪ್ಪು ಎಂಬುದು ಅವನ ತೀರ್ಮಾನ. ತಿಳುವಳಿಕೆ ಬರಲೆಂದು ಒಂದು ಬೋರ್ಡು ಬರೆಸಿ ಹಾಕಿದ: ಚಪ್ಪಲಿ ಹೊರಗೆ ಬಿಡಿ, ಉಗುಳಬೇಡಿ, ಕಂಬಕ್ಕೆ ಒರಗಬೇಡಿ. ತಾನೂ ಆ ಕಂಬಗಳಿಗೆ ಒರಗಲಿಲ್ಲ. ಬರೆಸಿದವನೇ ಮುರಿಯುವುದು ಹೇಗೆ? ಕುರ್ಚಿಗಳು ಹಾಳಾಗಬಾರದೆಂದು ಕೋಣೆಯಲ್ಲಿಟ್ಟು ಬೀಗ ಹಾಕಿ ಬೀಗದ ಕೈಯನ್ನು ತಾನೇ ಇಟ್ಟುಕೊಂಡ. ಮಂದಿರದಲ್ಲಿ ಸಮಿತಿಯ ಸಭೆ ನಡೆಯುತ್ತಿತ್ತು. ಮಂದಿರವನ್ನು ಹೇಗೆ ಬಳಸಬಹುದು ಎಂಬುದೇ ಹೆಚ್ಚಾಗಿ ಸಭೆಯ ವಿಷಯ. ಅವನ ಹೆಸರು ಮೂಡಬಿದಿರೆಯ ಕಡೆಗೂ ಹಬ್ಬಿ, ಪುತ್ತಿಗೆಯವರು ಬಂದು ತಮಗೂ ಒಂದು ಮಂದಿರದ ನಕ್ಷೆ ಬೇಕೆಂದರು. ಅವರಿಗೂ ಅದೇ ಬರೆದುಕೊಟ್ಟ. ಕಂಬ ನಿಮ್ಮಲ್ಲಿ ಯಾವ ಗುತ್ತಿನದ್ದು ಸಿಗುತ್ತದೆ ಎಂದು ಮಾತ್ರ ಕೇಳಿದ.

"ಊರೆಲ್ಲ ಒಂದು ಮಾಡಿ ಬಂದಿರಾ?" ಎಂದು ನೀಲಾವತಿ ಬಾಗಿಲಲ್ಲಿ ಕೇಳುತ್ತಿದ್ದಳು. "ಹಾಗಾದ್ರೆ ಕಾಲು ತೊಳೆದು ಬನ್ನಿ."

ಪೂವಮ್ಮ ಪ್ರಾಯವಾದ ಮೇಲೆ ನರಿಕೊಂಬಿಗೇ ಬಂದು ಮಗನೊಟ್ಟಿಗೆ ಇದ್ದಳು. ಸಂತೆಗೆ ಹೋಗುವಾಗ ಮಂದಿರದ ಎದುರಿನಿಂದಲೇ ಹಾದುಹೋಗಬೇಕು. "ಒಮ್ಮೆ ಒಳಗೆ ಬಾ ಅಮ್ಮ, ಯಾರೂ ಇಲ್ಲ" ಎಂದು ಗುರುವಪ್ಪ ಎಷ್ಟೋ ಸಲ ಕರೆದ. ಅವಳು ರಸ್ತೆಯಿಂದಲೇ ನೋಡಿ ಮುಂದೆ ಹೋಗುತ್ತಿದ್ದಳು.

ಅರುವತ್ತರ ದಶಕದ ನಡುವೆ ಅಕ್ಕಿಗೆ ಅಭಾವ ಬಂತು, ಸಕ್ಕರೆಗೆ ಅದಕ್ಕಿಂತ ಹೆಚ್ಚು. ರೇಷನ್ನು ಹಂಚಲು ದೊಡ್ಡ ಜಾಗ ಬೇಕೆಂದು ತಾಲೂಕಿನಿಂದ ಆದೇಶವಾಗಿ, ಮಂದಿರ ಡಿಪೋ ಆಯಿತು. ಗುರುವಪ್ಪ ಎರಡು ಆಕ್ಷೇಪಣೆ ಬರೆದ. ಸಾಂಸ್ಕೃತಿಕ ಘನತೆ ಎಂಬ ಶಬ್ದವನ್ನು ಎರಡರಲ್ಲೂ ಹಾಕಿದ. ಲಾರಿಗಳು ಬಂದು ಅಕ್ಕಿ ಮೂಟೆ ಇಳಿಸಿದವು. ಒಳಗೆ ತುಂಬಿದ ಮೇಲೆ ಜಗಲಿಯಲ್ಲಿ, ಜಗಲಿ ತುಂಬಿದ ಮೇಲೆ ಮೆಟ್ಟಿಲ ಮೇಲೆ. ಮೆಟ್ಟಿಲು ಯಾವುದು, ಜಗಲಿ ಯಾವುದು ಎಂದು ತಿಳಿಯದಂತೆ ಒಂದೇ ಮೂಟೆಯ ರಾಶಿ ಅಂಗಳದವರೆಗೆ ಇಳಿದಿತ್ತು.

ಒಂದು ಬೆಳಿಗ್ಗೆ ಗುರುವಪ್ಪ ಕಟ್ಟಡಕ್ಕೇನಾಯಿತೆಂದು ನೋಡಲು ಬಂದ. ಕೈಯಲ್ಲಿ ಕುರ್ಚಿ ಕೋಣೆಯ ಬೀಗದ ಕೈ ಇತ್ತು. ಸಕ್ಕರೆ ಬಂದ ಸುದ್ದಿಗೆ ಊರಿಗೆ ಊರೇ ಬಂದಿತ್ತು. ಗುಮಾಸ್ತ ತಕ್ಕಡಿ ಸರಿಮಾಡುತ್ತಿದ್ದ. ಅವನು ಕರೆಯುವವರೆಗೆ ಕಾಯಬೇಕು. ಜನ ಸಿಕ್ಕಿದ ಮೂಟೆಯ ಮೇಲೆ ಕೂತಿದ್ದರು. ನೋಣಯ್ಯನ ಮೊಣಕಾಲಿಗೆ ಮೇಷ್ಟ್ರ ಮೊಣಕಾಲು ತಾಗುತ್ತಿತ್ತು. ಭಟ್ಟರು ಶಾಲು ಮಡಚಿ ಮೂಟೆಯ ಮೇಲೆ ಹಾಸಿ, ಮಮ್ಮು ಬ್ಯಾರಿಯೊಡನೆ ಬೆಲ್ಲದ ಕಾಫಿಯ ಕಷ್ಟ ಹೇಳಿಕೊಳ್ಳುತ್ತಿದ್ದರು. ಮಗಳ ಮದುವೆಗೆ ಹೆಚ್ಚಿನ ಸಕ್ಕರೆಯ ಪರ್ಮಿಟ್ ಹಿಡಿದು ಮುಂಡಪ್ಪ ಶೆಟ್ಟರೇ ಬಂದಿದ್ದರು. ಎಲ್ಲರ ಹಾಗೆ ಅವರೂ ಒಂದು ಮೂಟೆಯ ಮೇಲೆ, ಪಂಚೆ ಎತ್ತಿಕೊಂಡು.

ಗುರುವಪ್ಪನ ಕಣ್ಣು ಇದ್ಯಾವುದನ್ನೂ ನೋಡಲಿಲ್ಲ. ಮೆಟ್ಟಿಲ ಪಕ್ಕದ ಕಂಬದ ಬಳಿ ಮೂಟೆಗಳ ಮೇಲೆ ಇಬ್ಬರು ಹೆಂಗಸರು ಕೂತಿದ್ದರು. ಒಬ್ಬಳು ಮಮ್ಮುವಿನ ಹೆಂಡತಿ ಖದೀಜ. ಇನ್ನೊಬ್ಬಳು ಅವಳ ಕಡೆ ಮುಖ ಮಾಡಿ, ಈ ಕಡೆ ಬೆನ್ನು ಹಾಕಿ, ಎಣ್ಣೆ ಸುರಿಯುವ ತಲೆಯನ್ನು ಕಂಬಕ್ಕೆ ಆನಿಸಿ ಆರಾಮವಾಗಿ ಎಲೆ ಅಡಕೆ ಜಗಿಯುತ್ತಿದ್ದಳು. ಪಕ್ಕದಲ್ಲೇ ಬೋರ್ಡು ನೇತಾಡುತ್ತಿತ್ತು.

"ಯಾರದು ಕಂಬಕ್ಕೆ ಒರಗಿದ್ದು? ಏಳು ಅಲ್ಲಿಂದ."

ಮಾತು ಚಾವಡಿಯ ಸೂರಿಗೆ ತಾಗಿ ತಿರುಗಿ ಬಂತು. ಮುಂಡಪ್ಪ ಶೆಟ್ಟರು ಥಟ್ಟನೆ ತಲೆಯೆತ್ತಿ ಆಚೀಚೆ ನೋಡಿದರು, ಸತ್ತ ಮಾವ ಎಲ್ಲಿಂದ ಬಂದರು ಎಂಬಂತೆ.

ಹೆಂಗಸು ನಿಧಾನವಾಗಿ ತಿರುಗಿದಳು. ಪೂವಮ್ಮ.

"ನಾನು ಮಗ" ಎಂದಳು. "ಸಕ್ಕರೆಗೆ ಬಂದದ್ದು. ನೀಲಾವತಿಗೆ ಸೊಂಟ ನೋವಂತೆ."

ಗುರುವಪ್ಪ ಕಂಬದ ಕಡೆ ಕೈ ತೋರಿಸಿದ. "ಅಮ್ಮ, ನೀನಾ... ನಾನು ಎಂತ ಅಂದ್ರೆ... ಎಣ್ಣೆ ಕಲೆ..."

"ಕಲೆ ಬಿದ್ದರೆ ಒರೆಸಬೇಕಾ? ಆಗ ನಾನು ಒರೆಸಿದ್ದೆ. ಇವತ್ತು ನನ್ನದು ಒಗೆದ ಸೀರೆ. ಬೇಕಾದ್ರೆ ನೀನು ಒರೆಸು."

ಖದೀಜ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅವಳ ಗಂಡನಿಗೆ ಅಷ್ಟು ತಾಳ್ಮೆ ಇರಲಿಲ್ಲ. ಮಮ್ಮು ನಕ್ಕ, ಭಟ್ಟರು ನಕ್ಕರು, ನೋಣಯ್ಯ ಮೇಷ್ಟ್ರ ತೊಡೆಗೆ ಹೊಡೆದು ನಕ್ಕ.

"ಬಿಡು ಮಾರಾಯ ಅವಳನ್ನು" ಎಂದರು ಶೆಟ್ಟರು. "ನೀನೂ ಕೂತ್ಕೊ. ಎಷ್ಟು ಹೊತ್ತು ಉಂಟೋ ಏನೋ."

"ಇಲ್ಲಿ ಜಾಗ ಉಂಟು ಓವರ್ಸಿಯರ್ರೇ" ಎಂದು ಮಮ್ಮು ಸರಿದು, ಶೆಟ್ಟರಿಗೂ ತನಗೂ ನಡುವೆ ಮೂಟೆಯನ್ನು ತಟ್ಟಿ ತೋರಿಸಿದ.

ಗುರುವಪ್ಪ ಆ ಮೂಟೆಯನ್ನು ನೋಡಿದ, ಶೆಟ್ಟರನ್ನು ನೋಡಿದ. ಮೊಣಕಾಲು ಸ್ವಲ್ಪ ಬಗ್ಗಿತು, ಮತ್ತೆ ನೆಟ್ಟಗಾಯಿತು. "ನನಗೆ ಲೈಟಿನದ್ದು ಸ್ವಲ್ಪ ನೋಡ್ಲಿಕ್ಕುಂಟು" ಎಂದ. ಆ ಮಂದಿರದಲ್ಲಿ ಅಂದು ನಿಂತಿದ್ದವನು ಅದನ್ನು ಕಟ್ಟಿಸಿದವನೊಬ್ಬನೇ. ಬೆವರು ಒರೆಸಲೆಂದು ಜೇಬಿನಿಂದ ಕರವಸ್ತ್ರ ತೆಗೆದ.

ಪೂವಮ್ಮ ಕರವಸ್ತ್ರವನ್ನು ಕಂಡಳು. ಕಂಬದಿಂದ ತಲೆಯೆತ್ತಿ, ಮಗನಿಗೆ ಕೈ ಹಾಕಲು ಅನುಕೂಲವಾಗುವಂತೆ ಖದೀಜಳ ಕಡೆಗೆ ವಾಲಿದಳು.

"ಒರೆಸುವುದಾದ್ರೆ ಬೇಗ ಒರೆಸು ಮಗ. ನನಗೆ ಪುನಃ ಒರಗಬೇಕು."